ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಕರೆಗಳ ಸಮಯ ಕಾಣೆಯಾಗಿದೆ

ಪ್ರಶ್ನೆ (ಹಾಸನದಿಂದ):
ಮೊಬೈಲ್ ಸೇವಾ ಕಂಪನಿಯೊಂದರ ಬಿಲ್ಲಿಂಗ್ ದತ್ತಾಂಶವನ್ನು ಒರಾಕಲ್ ಎಂಬ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಸಾಗಿಸುವ ತಂಡದಲ್ಲಿದ್ದೇನೆ. ಹಾಸನದ ಮನೆಯಿಂದಲೇ ಕೆಲಸ. ಮೂರನೇ ತಾಲೀಮಿನಲ್ಲಿ ಸಾಲುಗಳ ಎಣಿಕೆ ಸರಿಯಾಗಿ ಹೊಂದಿತು. ಆದರೆ ಒಂದೇ ಒಂದು ಕರೆಯನ್ನು ಹಿಡಿದು ನೋಡಿದರೆ ಅಲ್ಲಿ 21:47:08, ಇಲ್ಲಿ 00:00:00! ರಾತ್ರಿ ದರ, ಹಗಲು ದರ ಎರಡೂ ಕಲಸಿಹೋಗಿವೆ. ನನ್ನ ಅಮ್ಮನಂತೆ ಹತ್ತು ರೂಪಾಯಿ ರೀಚಾರ್ಜಿಗೂ ಲೆಕ್ಕ ಇಡುವವರ ಹಣವಿದು. ಎಲ್ಲಿ ಎಡವಿದ್ದೇನೆ?

ಉತ್ತರ (ಚಿಕ್ಕಮಗಳೂರಿನಿಂದ):
ಒರಾಕಲ್‌ನ ಡೇಟ್ ಕಾಲಂನಲ್ಲಿ ಗಂಟೆ, ನಿಮಿಷ, ಸೆಕೆಂಡು ಸೇರಿಯೇ ಇರುತ್ತವೆ. ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ಬರೀ ದಿನಾಂಕ. ಕಾಲಂನ ಬಗೆಯನ್ನು ಟೈಮ್‌ಸ್ಟ್ಯಾಂಪ್ (ದಿನಾಂಕ, ಸಮಯ ಎರಡೂ ಇರುವ ಬಗೆ) ಎಂದು ಬದಲಿಸಿ ಮತ್ತೆ ತುಂಬಿ. ಹೆಸರುಗಳನ್ನೂ ದಯವಿಟ್ಟು ನೋಡಿ. ಎರಡು ಗೆರೆಯ ಚಿಹ್ನೆಯಿಂದ (||) ಹೆಸರಿಗೆ ಇನಿಷಿಯಲ್ ಜೋಡಿಸುವಾಗ, ಇನಿಷಿಯಲ್ ನಲ್ (ಅಂದರೆ ಮೌಲ್ಯವೇ ಇಲ್ಲದ್ದು) ಆಗಿದ್ದರೂ ಒರಾಕಲ್ ಹೆಸರನ್ನು ಉಳಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಹೆಸರೇ ನಲ್. ಇದರಿಂದ ನಾನು ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಮತ್ತೊಂದು ಉತ್ತರ:
ಸೀಕ್ವೆನ್ಸ್‌ಗಳನ್ನು, ಅಂದರೆ ಹೊಸ ಸಾಲುಗಳಿಗೆ ಕ್ರಮಸಂಖ್ಯೆ ಕೊಡುವ ಎಣಿಕೆಗಳನ್ನು, ಮರೆಯಬೇಡಿ. ಕೊನೆಯ ಸಂಖ್ಯೆಯಿಂದ ಮುಂದಕ್ಕೆ ಸರಿಸದಿದ್ದರೆ ಮೊದಲ ಹೊಸ ಬಿಲ್ಲೇ ಹಳೆಯ ಸಂಖ್ಯೆಗೆ ಡಿಕ್ಕಿ ಹೊಡೆಯುತ್ತದೆ.

ಪ್ರಶ್ನೆ ಕೇಳಿದವರು:
ಟೈಮ್‌ಸ್ಟ್ಯಾಂಪ್ ಮಾಡಿದೆ, 21:47:08 ಮರಳಿ ಬಂದಿದೆ. ಇನ್ನು ಎಣಿಕೆಯೊಂದನ್ನೇ ನಂಬುವುದಿಲ್ಲ; ದಿನವಾರು ಮೊತ್ತವನ್ನೂ ತಾಳೆ ನೋಡುತ್ತೇನೆ. ಹೆಸರುಗಳ ಪರಿಶೀಲನೆ ಇವತ್ತೇ ಶುರು.