ಸಹಾಯ ಬೇಕು: ಮೃಗಾಲಯದ ಕೊಲೆ ಕಥೆಗೆ ಒಂದು ಬಾಗಿಲಿನ ವಿವರ

ನಮಸ್ಕಾರ ಎಲ್ಲರಿಗೂ. ಗದಗದಲ್ಲಿದ್ದೇನೆ, ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆಯ ಮೃಗಾಲಯ ಕಾಲ್ಪನಿಕ, ಆದರೆ ನಮ್ಮ ಬಿಂಕದಕಟ್ಟಿಯ ಹಾಗೆ ಚಿಕ್ಕದು.

ಬೆಳಿಗ್ಗೆ ಚಿರತೆ ಆವರಣದಲ್ಲಿ ಪಾಲಕನ ಹೆಣ ಸಿಗುತ್ತದೆ. ಚಿರತೆಯೇ ಕೊಂದಿದೆ ಅಂತ ಊರೆಲ್ಲ ನಂಬುತ್ತದೆ. ನಿಜವಾಗಿ ಕೊಲೆಗಾರ ಬೇರೆ ಕಡೆ ಕೊಂದು, ಹೆಣವನ್ನು ಒಳಗೆ ತಂದು ಹಾಕಿರುತ್ತಾನೆ. ಸುಳಿವು ಶವಪರೀಕ್ಷೆಯಲ್ಲಿದೆ: ಜೀವ ಇದ್ದಾಗ ಹಲ್ಲು ಊರಿದರೆ ಗಾಯದ ಸುತ್ತ ಮಾಂಸದೊಳಗೆ ರಕ್ತ ಇಳಿದು ಹೆಪ್ಪುಗಟ್ಟಿರುತ್ತದೆ, ಸತ್ತ ಮೇಲೆ ಕಚ್ಚಿದ ಗಾಯ ಸಾಮಾನ್ಯವಾಗಿ ಬಿಳಿಚಿಕೊಂಡೇ ಇರುತ್ತದೆ. ಇದು ಚೆನ್ನಾಗಿ ಕೂತಿದೆ.

ಕಥೆ ನಿಂತಿರುವುದು ಬಾಗಿಲ ಹತ್ತಿರ. ಸಂಜೆ ಚಿರತೆಯನ್ನು ಒಳಗಿನ ಕೋಣೆಗೆ ಕರೆದು, ಜಾರುಬಾಗಿಲನ್ನು ಹೊರಗಿನಿಂದಲೇ ಎಳೆದು ಮುಚ್ಚುತ್ತಾರೆ ಅಲ್ವಾ, ಆ ಬಾಗಿಲನ್ನು ಒಬ್ಬನೇ ಮನುಷ್ಯ ರಾತ್ರಿ ಸದ್ದಿಲ್ಲದೆ ತೆಗೆಯಬಹುದಾ? ಬೀಗದ ಕೈ ಯಾರ ಹತ್ತಿರ ಇರುತ್ತದೆ, ರಿಜಿಸ್ಟರ್‌ನಲ್ಲಿ ಏನು ಬರೆಯುತ್ತಾರೆ?

ಇನ್ನೊಂದು ವಿಷಯ. ಕೆಲವು ಮೃಗಾಲಯಗಳಲ್ಲಿ ಮಾಂಸಾಹಾರಿ ಪ್ರಾಣಿಗಳಿಗೆ ವಾರಕ್ಕೆ ಒಂದು ದಿನ ಉಪವಾಸ ಇರುತ್ತದೆ. ಕೊಲೆಗಾರ ಬೇಕಂತಲೇ ಆ ರಾತ್ರಿಯನ್ನು ಆರಿಸಿಕೊಂಡಿದ್ದಾನೆ. ಇದು ನಂಬುವ ಹಾಗಿದೆಯಾ, ಅಥವಾ ಪರಿಚಯದ ಪಾಲಕನ ಹೆಣವನ್ನು ಚಿರತೆ ಸುಮ್ನೆ ಮೂಸಿ ಬಿಟ್ಟುಬಿಡುತ್ತದಾ? ನನಗೆ ಇದೇ ಜಾಸ್ತಿ ಮುಖ್ಯ, ಯಾಕೆಂದರೆ ಚಿರತೆಯನ್ನು ಕೆಟ್ಟದಾಗಿ ತೋರಿಸಲು ನನಗೆ ಮನಸ್ಸಿಲ್ಲ.

ಗದಗ, ಹುಬ್ಬಳ್ಳಿ, ಹಾವೇರಿ ಕಡೆಯ ಪ್ರಾಣಿಪಾಲಕರು, ಪಶುವೈದ್ಯರು, ಅರಣ್ಯ ಇಲಾಖೆಯವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಭಾನುವಾರ ನಾನೇ ಬಂದು ಕೇಳಿಕೊಳ್ಳಲೂ ತಯಾರಿದ್ದೇನೆ.