ಸಹಾಯ ಬೇಕು: ಪೈಥಾನ್ 3.13 ಹಾಕಿದ ಮೇಲೆ ಹಳೇ ಫಾರ್ಮ್ ಕೆಲಸ ಮಾಡ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಸದಸ್ಯತ್ವದ ಫಾರ್ಮ್ ನಡೆಯುವುದು ಹತ್ತು ವರ್ಷದ ಹಿಂದೆ ನಾನೇ ಬರೆದ ಪೈಥಾನ್ ಸ್ಕ್ರಿಪ್ಟ್‌ನಿಂದ. ಮೊನ್ನೆ ಸರ್ವರ್‌ಗೆ 3.13 ಹಾಕಿದೆ, ಅಷ್ಟೇ. ಸ್ಕ್ರಿಪ್ಟ್‌ನ ಮೊದಲನೇ ಸಾಲು 'ಇಂಪೋರ್ಟ್ ಸಿಜಿಐ' (ವೆಬ್ ಫಾರ್ಮ್‌ನಲ್ಲಿ ತುಂಬಿದ್ದನ್ನು ಓದಲು ಪೈಥಾನ್ ಜೊತೆಗೇ ಬರುತ್ತಿದ್ದ ಮಾಡ್ಯೂಲ್). ಅಲ್ಲೇ ಮಾಡ್ಯೂಲ್ ಸಿಗಲಿಲ್ಲ ಅಂತ ಎರರ್.

ಹುಡುಕಿದರೆ, ಪೆಪ್ 594 ಎಂಬ ಪೈಥಾನ್ ಬದಲಾವಣೆಯ ಪ್ರಸ್ತಾವದ ಪ್ರಕಾರ ಸಿಜಿಐ, ಟೆಲ್ನೆಟ್‌ಲಿಬ್ ಥರದ ಹಳೇ ಮಾಡ್ಯೂಲ್‌ಗಳನ್ನೆಲ್ಲ ತೆಗೆದುಹಾಕಿದ್ದಾರೆ. 2022ರಲ್ಲಿ ಬಂದ 3.11ರಿಂದಲೇ ಎಚ್ಚರಿಕೆ ಕೊಡುತ್ತಿತ್ತಂತೆ, ನಾನು ಲಾಗ್ ತೆರೆದು ನೋಡಿದ್ದರೆ ತಾನೆ! ಪೈಥಾನ್ ಸೃಷ್ಟಿಸಿದ ಗೀಡೋ ವಾನ್ ರಾಸಮ್ 2018ರಲ್ಲಿ ಅದರ ಮುಂದಾಳತ್ವದಿಂದ ಹಿಂದೆ ಸರಿದ ಮೇಲೆ ಇಂಥ ವಿಷಯದಲ್ಲಿ ಕೊನೇ ಮಾತು ಐವರ ಸ್ಟೀರಿಂಗ್ ಕೌನ್ಸಿಲ್‌ನದು. ನೋಡಿಕೊಳ್ಳುವವರೇ ಇಲ್ಲದ ಕೋಡನ್ನು ಅವರು ತಾನೆ ಎಷ್ಟು ವರ್ಷ ಹೊರುತ್ತಾರೆ, ಅಲ್ವಾ? ಬೈಯಲು ಮನಸ್ಸಿಲ್ಲ.

ಈಗ ಏನು ಮಾಡಲಿ? ಸದ್ಯಕ್ಕೆ 3.12ಕ್ಕೆ ವಾಪಸ್ ಹೋದರೆ 2028ರ ಅಕ್ಟೋಬರ್ ತನಕ ಸೆಕ್ಯುರಿಟಿ ಫಿಕ್ಸ್ ಸಿಗುತ್ತದೆ. ಪೈಥಾನ್ ಪ್ಯಾಕೇಜ್ ಹಾಕಿಕೊಳ್ಳುವ ಪಿಪ್‌ನಲ್ಲಿ 'ಲೆಗಸಿ-ಸಿಜಿಐ' ಅಂತ ಒಂದು ಪ್ಯಾಕೇಜ್ ಇದೆ, ಅದನ್ನು ಹಾಕಿದರೆ ಸುಮ್ನೆ ನಡೆಯುತ್ತದಾ? ನನ್ನ ಸ್ಕ್ರಿಪ್ಟ್ ಸಿಜಿಐನಲ್ಲಿದ್ದ ಫೀಲ್ಡ್‌ಸ್ಟೋರೇಜ್ ಮೂಲಕ ಸದಸ್ಯರ ಫೋಟೋ ತಗೊಳ್ಳುತ್ತದೆ, ಭಯ ಇರುವುದು ಅಲ್ಲೇ. ಇಲ್ಲಾಂದ್ರೆ ಫ್ಲಾಸ್ಕ್ ಎಂಬ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರೆಯಬೇಕು. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಭಾನುವಾರ ಸಂಘದ ಮೀಟಿಂಗ್ ಇದೆ.