ವಿಭಜಿತ ತಾಕಿನ ಪ್ರಯೋಗಗಳಲ್ಲಿ ‘ದೋಷ’ ಎಂಬ ಪದ

ಮಾನ್ಯರೆ,

ರಾಗಿ ತಳಿ ಅಭಿವೃದ್ಧಿಯನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿರುವಾಗ ಎದುರಾದ ಪ್ರಶ್ನೆ ಇದು. ಸ್ಪ್ಲಿಟ್ ಪ್ಲಾಟ್ (ವಿಭಜಿತ ತಾಕು) ಎಂಬ ಪ್ರಯೋಗ ವಿನ್ಯಾಸದಲ್ಲಿ ಬರುವ ‘ಎರರ್’ ಎಂಬುದನ್ನು ‘ದೋಷ’ ಎಂದು ಕರೆಯುವುದು ಸರಿಯೆ?

ನೀರಾವರಿಯಂತಹ ಉಪಚಾರವನ್ನು (ಪರೀಕ್ಷೆಗೆ ಒಡ್ಡುವ ಕ್ರಮವನ್ನು) ಸಣ್ಣ ತಾಕುಗಳಿಗೆ ಬೇರೆಬೇರೆಯಾಗಿ ಕೊಡುವುದು ಕಷ್ಟ; ನೀರು ಪಕ್ಕದ ತಾಕಿಗೂ ಇಳಿಯುತ್ತದೆ. ಆದ್ದರಿಂದ ಪ್ರತಿ ಪುನರಾವರ್ತನೆಯಲ್ಲಿ, ಅಂದರೆ ಪ್ರಯೋಗದ ಪ್ರತಿ ಮರುನಕಲಿನಲ್ಲಿ, ನೀರಾವರಿಯ ಹಂತಗಳನ್ನು ‘ಮುಖ್ಯ ತಾಕು’ ಎನ್ನುವ ದೊಡ್ಡ ತಾಕುಗಳಿಗೆ ಯಾದೃಚ್ಛಿಕವಾಗಿ ಹಂಚಿ, ಆ ಪ್ರತಿಯೊಂದು ತಾಕನ್ನು ಉಪತಾಕುಗಳಾಗಿ ಒಡೆದು, ಅವುಗಳಿಗೆ ತಳಿಗಳನ್ನು ಮತ್ತೊಮ್ಮೆ ಯಾದೃಚ್ಛಿಕವಾಗಿ ಹಂಚುತ್ತಾರೆ. ಹಂಚಿಕೆ ಎರಡು ಮಟ್ಟದಲ್ಲಿ ನಡೆಯುವುದರಿಂದ ಎರರ್ ಕೂಡ ಎರಡು. ನೀರಾವರಿಯ ಪರಿಣಾಮವನ್ನು ಮುಖ್ಯ ತಾಕಿನ ಎರರ್‌ನೊಂದಿಗೆ ಹೋಲಿಸಬೇಕು. ತಳಿಯ ಪರಿಣಾಮವನ್ನೂ ತಳಿ ಮತ್ತು ನೀರಾವರಿಗಳ ಅಂತರಕ್ರಿಯೆಯನ್ನೂ ಉಪತಾಕಿನ ಎರರ್‌ನೊಂದಿಗೆ ಹೋಲಿಸಬೇಕು. ಇಲ್ಲಿ ಯಾರ ತಪ್ಪೂ ಇಲ್ಲ. ಒಂದೇ ತಳಿಗೆ ಒಂದೇ ಪ್ರಮಾಣದ ನೀರು ಕೊಟ್ಟರೂ ಮಣ್ಣಿನ ಸಾರ, ಹೊಲದ ಇಳಿಜಾರು, ಪೈರಿನ ದಟ್ಟಣೆಗಳಿಂದಾಗಿ ಇಳುವರಿ ತಾಕಿನಿಂದ ತಾಕಿಗೆ ಬದಲಾಗುವ ಸಹಜ ಏರಿಳಿತವನ್ನೇ ಎರರ್ ಎನ್ನುತ್ತಾರೆ.

ತಳಿ ಅಭಿವೃದ್ಧಿಯಲ್ಲಿ ದತ್ತಾಂಶ ಅಸಮತೋಲಿತವಾಗುವುದು ಸಾಮಾನ್ಯ. ಹೊಸ ತಳಿಯ ಬೀಜ ಎಲ್ಲ ಪುನರಾವರ್ತನೆಗಳಿಗೂ ಸಾಲದೆ ಹೋಗಬಹುದು, ಕೆಲವು ಉಪತಾಕುಗಳಲ್ಲಿ ಮೊಳಕೆ ಬಾರದಿರಬಹುದು. ಆಗ ಎಲ್ಲ ತಳಿಗಳೂ ಒಂದೇ ಮುಖ್ಯ ತಾಕುಗಳಲ್ಲಿ ಇರುವುದಿಲ್ಲವಾದ್ದರಿಂದ ತಳಿಗಳ ಹೋಲಿಕೆಯೊಳಗೆ ಮುಖ್ಯ ತಾಕುಗಳ ನಡುವಿನ ವ್ಯತ್ಯಾಸವೂ ಬೆರೆಯುತ್ತದೆ. ಬರಿಯ ಸರಾಸರಿಗಳನ್ನು ನಂಬುವಂತಿಲ್ಲ. ಸಂಖ್ಯಾಶಾಸ್ತ್ರಜ್ಞರಾದ ಪ್ಯಾಟರ್ಸನ್ ಮತ್ತು ಥಾಂಪ್ಸನ್ 1971ರಲ್ಲಿ ಮುಂದಿಟ್ಟ, ಇಂದು ರೆಮ್ಲ್ (REML, ನಿರ್ಬಂಧಿತ ಗರಿಷ್ಠ ಸಂಭವನೀಯತೆ) ಎಂದು ಹೆಸರಾಗಿರುವ ವಿಧಾನವು ಎರಡೂ ಮಟ್ಟದ ಏರಿಳಿತಗಳನ್ನು ಪ್ರತ್ಯೇಕವಾಗಿ ಅಂದಾಜು ಮಾಡಿ ಈ ತೊಡಕನ್ನು ನಿಭಾಯಿಸುತ್ತದೆ.

ಇದನ್ನೇ ‘ಅಸಮತೋಲಿತ ಪ್ರಯೋಗದ ದೋಷಗಳನ್ನು ಬೇರ್ಪಡಿಸಲಾಯಿತು’ ಎಂದು ಬರೆದರೆ, ಪ್ರಯೋಗ ಕೆಟ್ಟಿತ್ತು, ಅದನ್ನು ಸರಿಪಡಿಸಿದರು ಎಂದೇ ಓದುಗರು ತಿಳಿಯುತ್ತಾರೆ. ‘ದೋಷ’ದ ಬದಲಿಗೆ ‘ಉಳಿಕೆ’ (ರೆಸಿಡ್ಯುಯಲ್) ಎಂಬುದನ್ನೂ ಪರಿಶೀಲಿಸಿದೆ. ಎಲ್ಲ ಲೆಕ್ಕ ಮುಗಿದ ಮೇಲೆ ಮಿಗುವ ಉಪತಾಕಿನ ಎರರ್‌ಗೆ ಅದು ಹೊಂದುತ್ತದೆ. ಮುಖ್ಯ ತಾಕಿನ ಎರರ್ ಲೆಕ್ಕದ ಮಾದರಿಯೊಳಗೇ ಸ್ಥಾನ ಪಡೆದ ಯಾದೃಚ್ಛಿಕ ಪರಿಣಾಮವಾದ್ದರಿಂದ ಈ ಪದ ಅದಕ್ಕೆ ಒಗ್ಗುವುದಿಲ್ಲ.

‘ಮುಖ್ಯ ತಾಕಿನ ಏರಿಳಿತ’, ‘ಉಪತಾಕಿನ ಏರಿಳಿತ’ ಎಂಬ ಜೋಡಿಯ ಕಡೆಗೆ ನನ್ನ ಒಲವಿದೆ. ಆದರೆ ‘ಏರಿಳಿತ’ ಎಂದೊಡನೆ ಕಾಲಕಾಲಕ್ಕೆ ಆಗುವ ಬದಲಾವಣೆ ನೆನಪಾಗುವುದರಿಂದ, ಸ್ಥಳದಿಂದ ಸ್ಥಳಕ್ಕೆ ಕಾಣುವ ವ್ಯತ್ಯಾಸಕ್ಕೆ ಅದನ್ನು ಬಳಸಬಹುದೆ, ಅಥವಾ ಕೃಷಿ ಸಂಶೋಧನೆಯವರ ಮಾತಿನಲ್ಲಿ ಇದಕ್ಕೆ ಈಗಾಗಲೇ ಬೇರೊಂದು ಪದವಿದೆಯೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.